ಜಮಾಲುದ್ದೀನರ ಜೇಬಿನ ಕೆಂಪು ಪ್ಲಗ್

ಜಮಾಲುದ್ದೀನ್ ಸಾಬರನ್ನು ಕಂಡರೆ ನನಗಾಗುವುದಿಲ್ಲ. ಅವರಿಗೂ ನನ್ನ ಮುಖ ಕಂಡರೆ ಆಗುವುದಿಲ್ಲ. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಗುರುಮೂರ್ತಿ ಯಾರನ್ನೋ ಹೊಗಳಲು ಕೂತಿದ್ದಾನೆ ಎಂದುಕೊಂಡೀರಿ. ಈ ಊರಿನಲ್ಲಿ ನನಗೆ ಅಷ್ಟು ಸಿಟ್ಟು ಬರಿಸಿದ ಮನುಷ್ಯ ಇನ್ನೊಬ್ಬರಿಲ್ಲ. ಆದರೂ ಅವರ ಬಗ್ಗೆ ಬರೆಯಬೇಕಾದವನು ನಾನೇ, ಏಕೆಂದರೆ ಅವರ ಬಲಗೈಯ ಎರಡು ಬೆರಳು ಹೋದದ್ದು ನನ್ನಿಂದ. ಬೆರಳಿನ ಜೊತೆಗೆ ಅವರ ಹೆಸರನ್ನೂ ಸುಮಾರು ಎರಡು ತಿಂಗಳು ನುಂಗಿಕೊಂಡು ಕೂತಿದ್ದೆ. ಬೆರಳನ್ನು ವಾಪಸ್ ಕೊಡುವುದಕ್ಕಾಗುವುದಿಲ್ಲ. ಹೆಸರಿನ ಕತೆಯನ್ನಾದರೂ ನೆಟ್ಟಗೆ ಹೇಳುತ್ತೇನೆ.

ದಾವಣಗೆರೆಯ ನಿಟ್ಟುವಳ್ಳಿಯ ಒಂದು ಸಣ್ಣ ಓಣಿಯಲ್ಲಿ ಅವರ ಮನೆ. ಮುಂದಿನ ಕೋಣೆಯೇ ಅಂಗಡಿ. ಸುಟ್ಟುಹೋದ ಮೋಟಾರಿನ ತಾಮ್ರದ ತಂತಿ ಬಿಚ್ಚಿ ಹೊಸದಾಗಿ ಸುತ್ತಿಕೊಡುವ ರಿವೈಂಡಿಂಗ್ ಕೆಲಸ. ಹರಿಹರದ ಹೊಳೆಸಾಲಿನ ರೈತರು ಪಂಪ್‌ಸೆಟ್ ಸುಟ್ಟಿತೆಂದರೆ ಪಿ.ಬಿ. ರಸ್ತೆಯ ದೊಡ್ಡ ದೊಡ್ಡ ಅಂಗಡಿಗಳನ್ನೆಲ್ಲ ದಾಟಿಕೊಂಡು, ಲಗೇಜ್ ಆಟೋದಲ್ಲಿ ಮೋಟಾರ್ ಹೇರಿಕೊಂಡು ಈ ಓಣಿಗೆ ಬರುತ್ತಿದ್ದರು. ಕಾರಣ ಸಾಬರ ಕೈ. ಸಣ್ಣ ತಂತಿ ಬೆರಳ ಸಂದಿಯಲ್ಲಿ ಹಾದುಹೋಗುವಾಗ ಎಷ್ಟು ಸುತ್ತಾಯಿತು ಎಂದು ಅವರು ಎಣಿಸುತ್ತಿರಲಿಲ್ಲ, ಬೆರಳಿಗೇ ಗೊತ್ತಾಗುತ್ತಿತ್ತು. ಹೆಂಡತಿ ಶಮೀಮ್ ಪಕ್ಕದಲ್ಲಿ ಕೂತು ತಂತಿಯ ನಡುವೆ ಇಡುವ ಕಾಗದ ಕತ್ತರಿಸಿಕೊಡುತ್ತಿದ್ದರು. ಮಗಳು ನುಜತ್ ಕಾಲೇಜಿನಿಂದ ಬಂದು ವಾರ್ನಿಷ್ ಹಚ್ಚುತ್ತಿದ್ದಳು. ಮೂವರ ಅನ್ನ ಆ ಕೈಯಲ್ಲಿತ್ತು.

ಅವರಿಗೆ ಕೆಲಸ ಕಲಿಸಿದ ಉಸ್ತಾದ್ ಕರೀಂ ಸಾಬ್ ಎಂಬುವರು. ಒಮ್ಮೆ ಹೊಳೆದಂಡೆಯ ತೋಟವೊಂದರಲ್ಲಿ ಕರೀಂ ಸಾಬರು ಸ್ಟಾರ್ಟರ್ ಪೆಟ್ಟಿಗೆಯ ಫ್ಯೂಜ್ ಕಿತ್ತು, ಪೆಟ್ಟಿಗೆಯ ಮೇಲೇ ಇಟ್ಟು, ವೈರಿಗೆ ಕೈ ಹಾಕಿದ್ದರು. ನೀರು ತಂದುಕೊಡಲು ಬಂದ ತೋಟದ ಹೆಣ್ಣುಮಗಳು ಫ್ಯೂಜ್ ಕಳಚಿ ಬಿದ್ದಿದೆ ಎಂದುಕೊಂಡು, ಪಾಪ, ಒಳ್ಳೆಯ ಮನಸ್ಸಿನಿಂದಲೇ ಅದನ್ನು ಸಿಕ್ಕಿಸಿಬಿಟ್ಟಳು. ಉಸ್ತಾದರು ಅಲ್ಲೇ ಹೋದರು. ಆಗ ಜಮಾಲುದ್ದೀನರಿಗೆ ಇಪ್ಪತ್ತೆರಡು ವರ್ಷ, ಎರಡು ಮಾರು ದೂರದಲ್ಲಿ ನಿಂತಿದ್ದರಂತೆ. ಅಂದಿನಿಂದ ಅವರು ಎಲ್ಲಿ ಕೆಲಸಕ್ಕೆ ಹೋದರೂ ಫ್ಯೂಜ್ ಕಿತ್ತು ತಮ್ಮ ಅಂಗಿಯ ಜೇಬಿಗೆ ಹಾಕಿ, ಜೇಬಿಗೆ ಗುಂಡಿ ಹಾಕುತ್ತಾರೆ. ಕೆಲಸ ಮುಗಿದು ಕೈ ಒರೆಸಿಕೊಂಡ ಮೇಲೆ ತಾವೇ ಸಿಕ್ಕಿಸುತ್ತಾರೆ. ಹೊಳೆಸಾಲಿನಲ್ಲಿ ಎಲ್ಲರಿಗೂ ಇದು ಗೊತ್ತು. ಜೇಬಿನ ಸಾಬರು ಅಂದರೆ ಅವರೇ.

ಇಂಥವರನ್ನು ನಮ್ಮ ಡ್ರೋನ್ ತಂಡಕ್ಕೆ ಕರೆತಂದವರು ಸುನೀತಾ ಮೇಡಂ. ಅವರು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಹೊಳೆ ಬಂದು ಹರಿಹರದ ತಗ್ಗಿನ ಮನೆಗಳಿಗೆ ನೀರು ನುಗ್ಗಿದ ಒಂದು ವರ್ಷ, ದೋಣಿ ಹೋಗದ ಕಡೆ ಔಷಧಿ, ಲೈಫ್ ಜಾಕೆಟ್, ಹಗ್ಗ ತಲುಪಿಸುವುದಕ್ಕೆ ಒಂದು ಸ್ವಯಂಸೇವಕರ ತಂಡ ಬೇಕೆಂದು ಹಠ ಹಿಡಿದು ಕಟ್ಟಿದರು. ದಾನಿಯೊಬ್ಬರು ಮಷಿನ್ ಕೊಡಿಸಿದರು. ಅದು ಮದುವೆಮನೆಯಲ್ಲಿ ಹಾರಿಸುವ ಆಟಿಕೆಯಲ್ಲ. ಆರು ತೋಳು, ಪ್ರತಿ ತೋಳಿನ ತುದಿಗೆ ಮೊಳಕ್ಕಿಂತ ಉದ್ದದ ಫ್ಯಾನು, ನಡುವೆ ಎರಡು ಇಟ್ಟಿಗೆಯಷ್ಟು ಭಾರದ ಬ್ಯಾಟರಿ. ಫ್ಯಾನಿನ ಅಂಚು ಕುಡುಗೋಲಿನಷ್ಟು ಹರಿತ. ಹಾರಿಸುವುದಕ್ಕೆ ನಾನು. ಎಂ.ಸಿ.ಸಿ. ಬಡಾವಣೆಯಲ್ಲಿ ನನ್ನ ಫೋಟೋ ಸ್ಟುಡಿಯೋ ಇದೆ, ಮುನ್ನೂರಕ್ಕೂ ಹೆಚ್ಚು ಮದುವೆಗಳಲ್ಲಿ ಡ್ರೋನ್ ಹಾರಿಸಿದ್ದೇನೆ, ಪರವಾನಗಿಯೂ ಇದೆ. ಸಾಮಾನು ಕಟ್ಟುವುದಕ್ಕೆ ಮಂಡಕ್ಕಿ ಅಂಗಡಿಯ ಲಿಂಗಣ್ಣ. ಮಷಿನ್ ನೋಡಿಕೊಳ್ಳುವುದಕ್ಕೆ ಜಮಾಲುದ್ದೀನ್ ಸಾಬರು. ಸಂಬಳ ಸಾರಿಗೆ ಯಾರಿಗೂ ಇಲ್ಲ.

ಬಂದ ಮೊದಲ ಭಾನುವಾರವೇ ಸಾಬರು ತಮ್ಮ ರಾಜ್ಯಭಾರ ಶುರು ಮಾಡಿದರು. ಒಂದು ರಟ್ಟಿನ ಮೇಲೆ ಇಪ್ಪತ್ತೆರಡು ಪ್ರಶ್ನೆ ಬರೆದುಕೊಂಡು ಬಂದಿದ್ದರು. ಪ್ರತಿ ಸಲ ಮಷಿನ್ ಏಳುವ ಮುಂಚೆ ಅವರು ಓದಬೇಕು, ನಾವು ಆಯಾ ಭಾಗವನ್ನು ಕೈಯಿಂದ ಮುಟ್ಟಿ, ‘ಮುಟ್ಟಿದೆ’ ಅನ್ನಬೇಕು. ‘ಹೂಂ’ ಅಂದರೆ ನಡೆಯುವುದಿಲ್ಲ. ‘ಸರಿ ಐತೆ’ ಅಂದರೂ ನಡೆಯುವುದಿಲ್ಲ. ಮೊದಲ ತೋಳಿನ ಸ್ಕ್ರೂ? ಮುಟ್ಟಿದೆ. ಎರಡನೆಯದರ ಸ್ಕ್ರೂ? ಮುಟ್ಟಿದೆ. ಹತ್ತು ನಿಮಿಷದ ಹಿಂದೆ ತಾನೇ ಇಳಿದ ಮಷಿನ್ ಆದರೂ ಅಷ್ಟೇ, ದಿನಕ್ಕೆ ಹನ್ನೆರಡು ಸಲ ಹಾರಿಸಿದರೆ ಹನ್ನೆರಡು ಸಲವೂ ಅಷ್ಟೇ. ಕಡೆಯ ಪ್ರಶ್ನೆ ಮುಗಿದು ಅವರು ‘ಏಳ್ಲಿ’ ಅನ್ನುವವರೆಗೂ ನಾನು ರಿಮೋಟ್ ಹಿಡಿದು ಗೊಂಬೆಯ ಹಾಗೆ ನಿಂತಿರಬೇಕು. ನನ್ನ ಮೈಯೆಲ್ಲ ಉರಿಯುತ್ತಿತ್ತು.

ಇದರ ಮೇಲೆ ಪ್ಲಗ್ಗಿನ ಕಾಟ. ಬ್ಯಾಟರಿಗೂ ಮೋಟಾರುಗಳಿಗೂ ನಡುವೆ ಹೆಬ್ಬೆರಳು ಗಾತ್ರದ ಕೆಂಪು ಪ್ಲಗ್ ಒಂದಿದೆ. ಅದನ್ನು ಕಿತ್ತರೆ ಮಷಿನ್ ಸತ್ತ ಹಾಗೆ, ಒಂದು ಫ್ಯಾನೂ ಅಲುಗುವುದಿಲ್ಲ. ಮಷಿನ್ ನೆಲಕ್ಕಿಳಿದ ತಕ್ಷಣ ಸಾಬರು ಪ್ಲಗ್ ಕಿತ್ತು ಜೇಬಿಗೆ ಹಾಕಿ ಗುಂಡಿ ಹಾಕುವರು. ಯಾರ ಕೈಯಾದರೂ ಮಷಿನ್ ಹತ್ತಿರ ಇರುವವರೆಗೂ ಪ್ಲಗ್ ಅವರ ಜೇಬಿನಲ್ಲೇ. ಹೀಗೆ ಕಿತ್ತರೆ ಏನಾಗುತ್ತದೆಂದರೆ, ಮತ್ತೆ ಸಿಕ್ಕಿಸಿದಾಗ ಮಷಿನ್ ಮೊದಲಿನಿಂದ ಎಚ್ಚರಗೊಂಡು ಆಕಾಶದ ಉಪಗ್ರಹಗಳನ್ನು ಹುಡುಕಿಕೊಳ್ಳುವುದಕ್ಕೆ ಮೂರು ನಿಮಿಷ ತೆಗೆದುಕೊಳ್ಳುತ್ತದೆ. ಮೂರು ನಿಮಿಷ ಇದಕ್ಕೆ, ನಾಲ್ಕು ನಿಮಿಷ ಆ ರಟ್ಟಿಗೆ. ಕಂಪನಿಯವರು ಮಷಿನ್ ಜೊತೆ ಎರಡು ಪ್ಲಗ್ ಕೊಟ್ಟಿದ್ದರು. ಸಾಬರು ಎರಡನೆಯದನ್ನು ನಮ್ಮೆಲ್ಲರ ಎದುರಿಗೆ ಇಕ್ಕಳದಲ್ಲಿ ಹಿಡಿದು ಪುಡಿ ಮಾಡಿದರು. ಲಿಂಗಣ್ಣ ಬೆಚ್ಚಿಬಿದ್ದು, ಯಾಕೆ ಸಾಬ್ರೇ, ಕಳೆದುಹೋದರೆ ಇರಲಿ ಎಂದು ಕೊಟ್ಟಿದ್ದಲ್ಲವೇ ಅಂದ. ಕಳೆದುಹೋದರೆ ಅವತ್ತು ಹಾರಿಸುವುದು ಬೇಡ ಅಂದರು.

ಒಮ್ಮೆ ತಾಲ್ಲೂಕು ಆಫೀಸಿನ ಸಾಹೇಬರು ನಮ್ಮ ಕೆಲಸ ನೋಡಲು ನಿಜಲಿಂಗಪ್ಪ ಬಡಾವಣೆಯ ಆಚೆಗಿನ ಬಯಲಿಗೆ ಬಂದರು. ಜೊತೆಗೆ ಒಂದು ಇಪ್ಪತ್ತು ಜನ. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿದ್ದೆ. ಹದಿನೇಳನೆಯ ಪ್ರಶ್ನೆಗೆ ನಾನು ಮುಟ್ಟದೆ ಹೂಂ ಅಂದೆ, ಅಷ್ಟೇ. ಸಾಬರು ಪ್ಲಗ್ ಇದ್ದ ಜೇಬಿನ ಮೇಲೆ ಕೈ ಇಟ್ಟುಕೊಂಡು, ಮೊದಲಿನಿಂದ ಎಂದರು. ಸಾಹೇಬರು ವಾಚು ನೋಡಿಕೊಂಡರು. ಹಿಂದೆ ನಿಂತವರು ಕಿಸಕ್ಕೆಂದು ನಕ್ಕರು. ಅಷ್ಟು ಜನರ ಮುಂದೆ ನಾನು ಸ್ಕೂಲ್ ಹುಡುಗನ ಹಾಗೆ ಒಂದೊಂದೇ ಸ್ಕ್ರೂ ಮುಟ್ಟಿದೆ. ಎಲ್ಲ ಮುಗಿದ ಮೇಲೆ ಅವರ ಹತ್ತಿರ ಹೋಗಿ, ಒಂದು ಸ್ಕ್ರೂ ಆದರೂ ಸಡಿಲ ಇತ್ತೇ ಎಂದು ಹಲ್ಲು ಕಚ್ಚಿಕೊಂಡು ಕೇಳಿದೆ.

“ಇರ್ಲಿಲ್ಲ,” ಅಂದರು. “ಇರ್ಲಿಲ್ಲ ಅಂತ ಈಗ ಗೊತ್ತಾತಲ್ಲ. ಆಗ ಗೊತ್ತಿರ್ಲಿಲ್ಲ.”

ಮರುದಿನವೇ ನಾನು ಬೆಂಗಳೂರಿಗೆ ಫೋನ್ ಮಾಡಿ ಅದೇ ಅಳತೆಯ ಇನ್ನೊಂದು ಕೆಂಪು ಪ್ಲಗ್ ತರಿಸಿಕೊಂಡೆ. ಯಾರಿಗೂ ಹೇಳಲಿಲ್ಲ. ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಂಡೆ.

ಅದನ್ನು ಉಪಯೋಗಿಸುವುದು ಸುಲಭವಿತ್ತು. ಬ್ಯಾಟರಿ ಬದಲಾಯಿಸುವ ಕೆಲಸ ನನ್ನದೇ. ಸಾಬರು ಆ ಕಡೆಯ ತೋಳು ನೋಡುತ್ತಿರುವಾಗ ಈ ಕಡೆಯಿಂದ ನನ್ನ ಪ್ಲಗ್ ಸಿಕ್ಕಿಸಿಬಿಟ್ಟರೆ, ಅವರು ರಟ್ಟು ಓದಿ ಮುಗಿಸುವಷ್ಟರಲ್ಲಿ ಮಷಿನ್ ಎಚ್ಚರಗೊಂಡು ಉಪಗ್ರಹ ಹುಡುಕಿಕೊಂಡಿರುತ್ತಿತ್ತು. ಕೊನೆಗೆ ಅವರು ತಮ್ಮ ಪ್ಲಗ್ ಹಾಕಲು ಬರುವ ಮುಂಚೆ ನನ್ನದನ್ನು ಮೆಲ್ಲಗೆ ಕಿತ್ತುಕೊಳ್ಳುತ್ತಿದ್ದೆ. ಅಷ್ಟು ಸಣ್ಣ ಗಳಿಗೆಗೆ ಮಷಿನ್ ಮರೆಯುತ್ತಿರಲಿಲ್ಲ, ಹಾಕಿದ ಕೂಡಲೇ ಸಿದ್ಧ. ಇವತ್ತು ಬೇಗ ಎದ್ದಿತಲ್ಲ ಎಂದು ಮೇಡಂ ಸಂತೋಷಪಡುತ್ತಿದ್ದರು. ಮೊದಲ ಸಲ ನನ್ನ ಎದೆ ಡವಡವ ಹೊಡೆದುಕೊಂಡಿತು. ಐದನೆಯ ಸಲ ಅಷ್ಟಾಗಿ ಹೊಡೆದುಕೊಳ್ಳಲಿಲ್ಲ. ಹದಿನೈದನೆಯ ಸಲದ ಹೊತ್ತಿಗೆ ಕೈ ತಾನಾಗಿಯೇ ಹೋಗಿ ಸಿಕ್ಕಿಸುತ್ತಿತ್ತು, ನನಗೆ ನೆನಪೂ ಇರುತ್ತಿರಲಿಲ್ಲ. ಹದಿನೈದು ಸಲ ಏನೂ ಆಗಲಿಲ್ಲ ಎನ್ನುವುದನ್ನೇ ನಾನು ನನ್ನ ಜಾಣತನ ಎಂದುಕೊಂಡಿದ್ದೆ. ಮುದುಕನಿಗೆ ಟೋಪಿ ಹಾಕಿದೆ ಎಂದು ಒಳಗೊಳಗೇ ಖುಷಿ.

ಆ ಆಷಾಢದಲ್ಲಿ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟು ಹೊಳೆ ಒಂದೇ ಬೆಳಗ್ಗೆ ಉಕ್ಕಿತು. ಬಲೆ ತೆಗೆದುಕೊಂಡು ಬರಲು ಹೋದ ಮೀನು ಹಿಡಿಯುವ ಗಂಡ ಹೆಂಡತಿ, ಭರಮಣ್ಣ ಮತ್ತು ಗಿರಿಯಮ್ಮ, ಹರಿಹರದ ಹಳೇ ಸೇತುವೆಯ ಕೆಳಗೆ ನಡುಹೊಳೆಯ ಬಂಡೆಯ ಮೇಲೆ ಸಿಕ್ಕಿಕೊಂಡರು. ದೊಡ್ಡ ದೋಣಿ ಬರುವುದಕ್ಕೆ ಇನ್ನೂ ಒಂದು ಗಂಟೆ. ಅಷ್ಟರಲ್ಲಿ ಅವರಿಗೆ ಜಾಕೆಟ್ ತಲುಪಿಸಬೇಕು. ನಾವು ಹೋಗುವಷ್ಟರಲ್ಲಿ ಬಂಡೆಯ ಮೇಲೆ ಪಾದ ಮುಳುಗುವಷ್ಟು ನೀರಿತ್ತು. ದಂಡೆಯ ಮೇಲೆ ಜನವೋ ಜನ, ಹೊಳೆಯ ಸದ್ದಿಗೆ ಪಕ್ಕದವರ ಮಾತು ಕೇಳುತ್ತಿರಲಿಲ್ಲ.

ಸಾಬರು ಅಲ್ಲೂ ರಟ್ಟು ತೆಗೆದರು. ಇಪ್ಪತ್ತೆರಡೂ ಓದಿದರು. ಜನ ಬೈಯುವುದಕ್ಕೆ ಶುರು ಮಾಡಿದರು, ಅಲ್ಲಿ ಜೀವ ಹೋಗುತ್ತಿದೆ, ಇವರಿಲ್ಲಿ ಪಾಠ ಓದುತ್ತಿದ್ದಾರೆ ಎಂದು ಯಾರೋ ಕೂಗಿದರು. ನಾನು ಬೇಕೆಂದೇ ಸುಮ್ಮನಿದ್ದೆ, ಬೈಸಿಕೊಳ್ಳಲಿ ಎಂದು. ಮೊದಲ ಸುತ್ತಿಗೆ ಒಂದು ಜಾಕೆಟ್ ಹೋಯಿತು. ಗಿರಿಯಮ್ಮ ಹಾಕಿಕೊಂಡಳು. ಮಷಿನ್ ವಾಪಸ್ ಇಳಿಯಿತು. ಸಾಬರು ಪ್ಲಗ್ ಕಿತ್ತು, ಜೇಬಿಗೆ ಹಾಕಿ, ಗುಂಡಿ ಹಾಕಿಕೊಂಡರು. ಲಿಂಗಣ್ಣ ಎರಡನೆಯ ಜಾಕೆಟ್ ಕಟ್ಟಿ ಹಿಂದೆ ಸರಿದ. ನಾನು ಬ್ಯಾಟರಿ ಬದಲಾಯಿಸಿದೆ. ಬದಲಾಯಿಸಿ ನನ್ನ ಪ್ಲಗ್ ಸಿಕ್ಕಿಸಿದೆ. ಕೈ ಮಾಮೂಲಿನಂತೆ ತಾನಾಗಿಯೇ ಹೋಯಿತು. ಎದ್ದು ಬಂದು ನನ್ನ ಜಾಗದಲ್ಲಿ ರಿಮೋಟ್ ಹಿಡಿದು ನಿಂತೆ.

ಗಾಳಿಗೆ ಹಾರಿಬಂದ ಪ್ಲಾಸ್ಟಿಕ್ ದಾರವೊಂದು ಆ ಕಡೆಯ ಫ್ಯಾನಿನ ಬುಡಕ್ಕೆ ಸುತ್ತಿಕೊಂಡಿತ್ತು. ಸಾಬರು ಅದನ್ನು ನೋಡಿ ಬಗ್ಗಿದರು. ಮಷಿನ್ ಎಚ್ಚರವಾದಾಗ ಕೂಗುವ ಸಣ್ಣ ಸದ್ದು ಆ ಹೊಳೆಯ ಆರ್ಭಟದಲ್ಲಿ ಅವರಿಗೆ ಕೇಳಲಿಲ್ಲ. ಕೇಳಿಸಿಕೊಳ್ಳುವ ಅಗತ್ಯವೂ ಅವರಿಗಿರಲಿಲ್ಲ, ಪ್ಲಗ್ ಜೇಬಿನಲ್ಲಿತ್ತಲ್ಲ. ಅದೇ ಹೊತ್ತಿಗೆ ಬಂಡೆಯ ಮೇಲೆ ಭರಮಣ್ಣನ ಕಾಲು ಜಾರಿತು. ಮೊಣಕಾಲೂರಿ ಬಿದ್ದ. ದಂಡೆಯ ಜನ ಹೋ ಎಂದು ಕಿರುಚಿದರು. ನಾನು ರಿಮೋಟಿನ ಕಡ್ಡಿ ಎರಡನ್ನೂ ಒಳಗೆ ಎಳೆದು ಮೋಟಾರ್ ಶುರು ಮಾಡಿದೆ. ‘ಏಳ್ಲಿ’ ಎನ್ನುವ ಮಾತಿಗೆ ಕಾಯಲಿಲ್ಲ. ನನ್ನ ಕಣ್ಣು ಹೊಳೆಯ ಮೇಲಿತ್ತು.

ಸಾಬರು ಕೂಗಲೂ ಇಲ್ಲ. ಎದ್ದು ನಿಂತು, ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು, ಮಷಿನ್ನನ್ನೇ ನೋಡುತ್ತಿದ್ದರು. ಅದು ಹೇಗೆ ತಿರುಗಿತು ಎಂದು ಅವರಿಗೆ ತಿಳಿಯದೆ ಹೋದದ್ದು ಆ ಮುಖದಲ್ಲಿ ಕಾಣುತ್ತಿತ್ತು. ಆಮೇಲೆ ರಕ್ತ ಕಂಡಿತು. ಎಲ್ಲರೂ ಅವರ ಕಡೆ ಓಡಿದರು. ನಾನು ಮೋಟಾರ್ ನಿಲ್ಲಿಸಿ ಮಷಿನ್ ಕಡೆ ಓಡಿದೆ. ನನ್ನ ಪ್ಲಗ್ ಕಿತ್ತು ಜೇಬಿಗೆ ಹಾಕಿಕೊಂಡೆ. ಮನುಷ್ಯನ ಕೈ ಹರಿದಿರುವಾಗ ನನಗೆ ಮೊದಲು ಹೊಳೆದದ್ದು ಅದು, ಥೂ.

ಸಾಬರನ್ನು ಜೀಪಿನಲ್ಲಿ ದಾವಣಗೆರೆಗೆ ಕಳಿಸಿದರು. ಸುನೀತಾ ಮೇಡಂ ಹೊಸ ಫ್ಯಾನು ಹಾಕಿಸಿ, ಪ್ಲಗ್ ಎಲ್ಲಿ ಎಂದು ಕೇಳಿದರು. ಜೇಬಿನಿಂದ ತೆಗೆದು ಕೊಟ್ಟೆ. ಭಾನುವಾರಗಳಲ್ಲಿ ಹಾರಿಸುವುದನ್ನು ಕಲಿತಿದ್ದ ಅವರು ಇಪ್ಪತ್ತೆರಡು ಪ್ರಶ್ನೆಯನ್ನೂ ತಾವೇ ಓದಿ, ತಾವೇ ಹಾರಿಸಿದರು. ಭರಮಣ್ಣನಿಗೆ ಜಾಕೆಟ್ ಸಿಕ್ಕಿತು. ದೋಣಿ ಬಂದು ಇಬ್ಬರನ್ನೂ ದಂಡೆಗೆ ತಂದಿತು. ಆಮೇಲೆ ಮೇಡಂ ನನ್ನ ಹತ್ತಿರ ಬಂದು, ಕೈ ಒಳಗಿರುವಾಗ ಪ್ಲಗ್ ಹಾಕಿದ್ದು ಯಾರು ಎಂದು ಕೇಳಿದರು.

“ಸಾಬ್ರೇ ಹಾಕಿದ್ರು ಅನ್ಸುತ್ತೆ ಮೇಡಂ,” ಅಂದೆ. “ಗಡಿಬಿಡಿಯಾಗೆ ಮರ್ತಿರ್ಬೇಕು.”

ಅದೇ ವರದಿಯಾಯಿತು. ಸ್ವಯಂಸೇವಕ ಜಮಾಲುದ್ದೀನ್ ಪ್ಲಗ್ ತೆಗೆಯದೆ ಫ್ಯಾನಿಗೆ ಕೈ ಹಾಕಿದ್ದರಿಂದ ಅವಘಡ ಎಂದು ಬರೆದು ಕಳಿಸಿದರು. ಪೈಲಟ್ ಅವರ ‘ಏಳ್ಲಿ’ಗೆ ಕಾಯದೆ ಆತುರ ಮಾಡಿದ ಎಂದು ನನ್ನ ಬಗ್ಗೆಯೂ ಒಂದು ಸಾಲು ಇತ್ತು, ಆದರೆ ಜೀವ ಉಳಿಸುವ ಆತುರ ಎಂದು ಎಲ್ಲರೂ ಬೆನ್ನು ತಟ್ಟಿದರು. ತೋರುಬೆರಳು ಮತ್ತು ನಡುಬೆರಳು ಹೋಗಿದ್ದವು. ಲಿಂಗಣ್ಣ ತನ್ನ ಅಂಗಡಿಯಲ್ಲಿ ಮಂಡಕ್ಕಿ ಕಲಸುತ್ತಲೇ ಬಂದವರಿಗೆಲ್ಲ ಹೇಳಿದ, ಅಷ್ಟು ರೂಲ್ಸ್ ಮಾತಾಡೋರು, ನೋಡಿ ಕಡೆಗೆ ತಾವೇ ಮರೆತರು ಎಂದು. ಅವನಿಗೆ ಕೆಟ್ಟ ಮನಸ್ಸಿರಲಿಲ್ಲ. ಮಾತು ಹೊಳೆಸಾಲಿಗೂ ಹೋಯಿತು. ಫ್ಯೂಜ್ ಜೇಬಿಗೆ ಹಾಕಿಕೊಳ್ಳುವುದನ್ನೇ ಮರೆತವರ ಕೈಗೆ ಮೋಟಾರ್ ಹೇಗೆ ಕೊಡುವುದು ಎಂದು ರೈತರು ಮಾತಾಡಿಕೊಂಡರು. ಒಂದೊಂದಾಗಿ ಲಗೇಜ್ ಆಟೋಗಳು ಬೇರೆ ಅಂಗಡಿಯ ಮುಂದೆ ನಿಲ್ಲತೊಡಗಿದವು.

ಹನ್ನೆರಡನೆಯ ದಿನ ನಾನು ಮೂಸಂಬಿ ಚೀಲ ಹಿಡಿದುಕೊಂಡು ನಿಟ್ಟುವಳ್ಳಿಗೆ ಹೋದೆ. ನೋಡದೆ ಇದ್ದರೆ ಜನ ಏನಂದುಕೊಂಡಾರು ಎಂದು ಹೋದದ್ದು, ಬೇರೆ ಕಾರಣಕ್ಕಲ್ಲ. ಶಮೀಮ್ ಬಾಗಿಲಲ್ಲಿ ನನ್ನನ್ನು ನೋಡಿ ದಾರಿ ಬಿಟ್ಟರು, ಕೂಡ್ರಿ ಅನ್ನಲಿಲ್ಲ. ಚೀಲವನ್ನು ಯಾರೂ ತೆಗೆದುಕೊಳ್ಳಲಿಲ್ಲ, ನಾನೇ ನೆಲದ ಮೇಲೆ ಇಟ್ಟೆ. ನುಜತ್ ಒಂದು ಸಣ್ಣ ಮೋಟಾರ್ ಮುಂದೆ ಕೂತು ತಂತಿ ಸುತ್ತುತ್ತಿದ್ದಳು, ಸುತ್ತು ತಪ್ಪಿ ಬಿಚ್ಚಿ ಮತ್ತೆ ಸುತ್ತುತ್ತಿದ್ದಳು. ಸಾಬರು ಮಂಚದ ಮೇಲೆ ಕೂತಿದ್ದರು. ಬ್ಯಾಂಡೇಜು ಸುತ್ತಿದ ಕೈ ದಿಂಬಿನ ಮೇಲಿತ್ತು. ಎಡಗೈಯಿಂದ ದಿಂಬಿನ ಕೆಳಗೆ ಹುಡುಕಿ ಏನೋ ತೆಗೆದು ನನ್ನ ಮುಂದೆ ಹಿಡಿದರು. ಕೆಂಪು ಪ್ಲಗ್.

“ಶಮೀಮ್ ಅಂಗಿ ತೊಳೆಯಾಕೆ ಹೋದಾಗ ಸಿಕ್ತು. ಜೇಬಿನ ಗುಂಡಿ ಹಾಕಿದ್ದು ಹಾಕಿದಂಗೇ ಐತೆ,” ಅಂದರು. “ಇದು ನನ್ನ ಹತ್ರ ಇತ್ತು. ಮಷಿನ್ ಹೆಂಗೆ ತಿರುಗ್ತು ಗುರುಮೂರ್ತಿ?”

ನುಜತ್ ತಂತಿ ಸುತ್ತುವುದನ್ನು ನಿಲ್ಲಿಸಿದಳು. ನಾನು ಬಾಗಿಲ ಕಡೆ ನೋಡಿದೆ.

“ಬೆರಳು ಹೋದ್ವು. ಅದಕ್ಕೆ ನಾನು ನಿನ್ನ ಬೈತೀನಿ, ಸಾಯೋಗಂಟ ಬೈತೀನಿ, ಅದು ಬ್ಯಾರೆ ಮಾತು. ಆದ್ರೆ ನಾನು ನೋಡ್ದೆ ಕೈ ಹಾಕ್ದೆ ಅಂತ ಊರು ತುಂಬಾ ಹೇಳ್ಕಂಡು ತಿರಗ್ತಾರೆ. ಉಸ್ತಾದ್ ಸತ್ತ ದಿನದಿಂದ ಇಲ್ಲಿಗಂಟ ಒಂದು ದಿನ ಬಿಟ್ಟಿಲ್ಲ ನಾನು. ಆ ಮಾತನ್ನ ವಾಪಸ್ ತಗೊಂಬಾ. ನಾನು ಹೋಗಿ ಹೇಳಿದ್ರೆ, ತನ್ನ ತಪ್ಪು ಮುಚ್ಚಾಕೆ ಇನ್ನೊಬ್ರ ಮ್ಯಾಲೆ ಹಾಕ್ತಾನೆ ಅಂತಾರೆ. ನೀನೇ ಹೇಳ್ಬೇಕು.”

ಹೇಳಿ ಮುಗಿಸಿ ಗೋಡೆಯ ಕಡೆ ತಿರುಗಿಕೊಂಡರು. ನಾನು ಓಣಿಗೆ ಬಂದು ಬೈಕಿನ ಮೇಲೆ ಕೂತೆ. ನಾಚಿಕೆಯಾಯಿತು ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಆಗ ಬಂದದ್ದು ಸಿಟ್ಟು. ಹೇಳು ಎಂದು ಅಪ್ಪಣೆ ಮಾಡಲು ಇವರು ಯಾರು ಎಂದುಕೊಂಡೆ. ಪೊಲೀಸಿಗೆ ಹೋಗಲಿ ಬೇಕಾದರೆ, ಇನ್ನೊಂದು ಪ್ಲಗ್ ತರಿಸಿದ್ದು ನಾನೇ ಎನ್ನುವುದಕ್ಕೆ ಸಾಕ್ಷಿ ಏನಿದೆ ಎಂದುಕೊಂಡೆ. ಅವರು ಪೊಲೀಸಿಗೆ ಹೋಗಲಿಲ್ಲ. ಯಾರಿಗೂ ಏನೂ ಹೇಳಲಿಲ್ಲ. ನಾನೂ ಬಾಯಿಗೆ ಬೀಗ ಹಾಕಿಕೊಂಡು ಒಂದೂವರೆ ತಿಂಗಳು ಕಳೆದೆ. ಮದುವೆ ಸೀಸನ್ ಇರಲಿಲ್ಲ, ಸ್ಟುಡಿಯೋದಲ್ಲಿ ಖಾಲಿ ಕೂತು ಆ ಕೆಂಪು ಬಣ್ಣ ಎಲ್ಲಿ ಕಂಡರೂ ಮುಖ ತಿರುಗಿಸುತ್ತಿದ್ದೆ.

ತಂಡದ ಭಾನುವಾರಗಳು ಮತ್ತೆ ಶುರುವಾದವು. ಸಾಬರಿಲ್ಲ. ಅವರ ರಟ್ಟು ಇತ್ತು, ಆದರೆ ಅದಕ್ಕೆ ಮರ್ಯಾದೆ ಹೋಗಿತ್ತು. ಬರೆದವರೇ ಕೈ ಕೊಯ್ದುಕೊಂಡ ಮೇಲೆ ಇಪ್ಪತ್ತೆರಡು ಪ್ರಶ್ನೆ ಯಾವ ಪುರುಷಾರ್ಥಕ್ಕೆ ಎಂದು ಒಬ್ಬರಂದರು. ಸಣ್ಣದು ಮಾಡಿದರೆ ಜನ ಗಮನ ಕೊಟ್ಟು ಓದುತ್ತಾರೆ ಎಂದು ಇನ್ನೊಬ್ಬರು. ಇಪ್ಪತ್ತೆರಡು ಇದ್ದದ್ದು ಎಂಟಾಯಿತು. ಪ್ಲಗ್ ಜೇಬಿಗೆ ಹಾಕುವುದನ್ನೂ ಬಿಟ್ಟರು, ಅದರಿಂದ ಏನೂ ಉಪಯೋಗವಿಲ್ಲ ಎಂದು ಸಾಬರ ಕೈಯೇ ತೋರಿಸಿದೆಯಲ್ಲ. ಮೇಡಂ ಅರೆಮನಸ್ಸಿನಿಂದ ಒಪ್ಪಿದರು. ನಾನು ಎಲ್ಲಕ್ಕೂ ತಲೆ ಅಲ್ಲಾಡಿಸಿದೆ. ಮಷಿನ್ ಬೇಗ ಬೇಗ ಏಳತೊಡಗಿತು. ನನಗೆ ಬೇಕಾದದ್ದೆಲ್ಲ ಸಿಕ್ಕಿತ್ತು.

ಮೂರನೆಯ ಭಾನುವಾರ. ಸ್ನೇಹಾ ಎಂಬ ಇಂಜಿನಿಯರಿಂಗ್ ಓದುವ ಹುಡುಗಿ ಹೊಸದಾಗಿ ಸೇರಿದ್ದಳು, ಬಹಳ ಚುರುಕು. ಮಷಿನ್ ಇಳಿಯಿತು, ಬ್ಯಾಟರಿ ಬದಲಾಯಿತು, ಪ್ಲಗ್ ಹಾಕಿಯೇ ಇತ್ತು. ನಾನು ರಿಮೋಟ್ ಹಿಡಿದು ನಿಂತು, ಪಕ್ಕದವರ ಜೊತೆ ಏನೋ ಹರಟುತ್ತ, ಹೆಬ್ಬೆರಳು ಎರಡನ್ನೂ ಕಡ್ಡಿಯ ಮೇಲಿಟ್ಟು, ಒಳಗೆ ಎಳೆಯುವುದರಲ್ಲಿದ್ದೆ. ಸ್ನೇಹಾ ಬಗ್ಗಿ, ಆ ಕಡೆಯ ಫ್ಯಾನಿಗೆ ಅಂಟಿದ ಹುಲ್ಲುಕಡ್ಡಿ ತೆಗೆಯಲು ಕೈ ಚಾಚಿದಳು. ಅದೇ ತೋಳು. ಅವಳ ತೋರುಬೆರಳಿಗೆ ಒಂದು ಸಣ್ಣ ಬೆಳ್ಳಿ ಉಂಗುರವಿತ್ತು.

ಏನೂ ಆಗಲಿಲ್ಲ. ಅವಳು ಹುಲ್ಲು ತೆಗೆದು ಎಸೆದು, ನಗುತ್ತ ಹಿಂದೆ ಸರಿದಳು. ಯಾರೂ ಗಮನಿಸಲೂ ಇಲ್ಲ. ರಿಮೋಟನ್ನು ನೆಲದ ಮೇಲೆ ಇಟ್ಟು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟೆ. ಮೇಡಂ ಓಡಿಬಂದು, ಬಿಸಿಲಿಗೆ ತಲೆ ತಿರುಗಿತೇ ಎಂದು ನೀರು ಹಿಡಿದರು. ನಾನು ಹೇಳಿದ ಸುಳ್ಳು ಬರೀ ಸಾಬರ ಹೆಸರು ತಿಂದು ಸುಮ್ಮನಾಗಿರಲಿಲ್ಲ. ಇವರಿಗೆಲ್ಲ ತಪ್ಪು ಪಾಠ ಕಲಿಸಿಟ್ಟಿತ್ತು.

“ಸಾಬ್ರು ತಪ್ಪು ಮಾಡಿಲ್ರಿ,” ಅಂದೆ. “ಅವತ್ತು ಅವರ ಪ್ಲಗ್ ಅವರ ಜೇಬಿನಾಗೇ ಇತ್ತು. ನಿಮಗೆ ಕೊಟ್ಟಿದ್ದು ನಂದು. ಕಳ್ಳತನದಿಂದ ತರಿಸಿಟ್ಕಂಡಿದ್ದೆ. ನಾನೇ ಹಾಕ್ದೆ, ನಾನೇ ಚಾಲೂ ಮಾಡ್ದೆ.”

ಮೇಡಂ ಹಿಡಿದಿದ್ದ ನೀರಿನ ಬಾಟಲಿಯನ್ನು ವಾಪಸ್ ತೆಗೆದುಕೊಂಡರು. ಲಿಂಗಣ್ಣ ನನ್ನ ಕಾಲ ಬುಡಕ್ಕೆ ಉಗುಳಿ, ಆ ಮನೆಗೆ ಹಣ್ಣು ತಗೊಂಡು ಬೇರೆ ಹೋಗಿದ್ದೆಯಲ್ಲೋ ಎಂದು ಕೇಳಿ, ಅಲ್ಲಿಂದ ನೇರವಾಗಿ ನಿಟ್ಟುವಳ್ಳಿಗೆ ಹೋದ. ಒಂದೇ ವಾರದಲ್ಲಿ ಅವನು ತನ್ನ ಅಂಗಡಿಗೆ ಬಂದ ಪ್ರತಿಯೊಬ್ಬರಿಗೂ ನನ್ನ ಹೆಸರು ಹಿಡಿದು ಕತೆ ಹೇಳಿದ. ನನಗೆ ಬುಕ್ ಆಗಿದ್ದ ನಾಲ್ಕು ಮದುವೆಗಳು ತಪ್ಪಿಹೋದವು. ಮೇಡಂ ಹೊಸ ವರದಿ ಬರೆದು, ಅದಕ್ಕೆ ನನ್ನ ಸಹಿ ಹಾಕಿಸಿ ಕಳಿಸಿದರು.

ನನ್ನನ್ನು ತೆಗೆದುಹಾಕಲು ಮೀಟಿಂಗ್ ಕರೆದರು. ಸಾಬರು ಬಂದಿದ್ದರು. ಕೈಯ ಬ್ಯಾಂಡೇಜು ಬಿಚ್ಚಿತ್ತು. ನಾನು ತಲೆ ತಗ್ಗಿಸಿ ಕೂತಿದ್ದೆ. ಎಲ್ಲರೂ ಒಂದೊಂದು ಮಾತು ಅಂದ ಮೇಲೆ ಅವರ ಸರದಿ ಬಂತು. ಇವನನ್ನು ತೆಗೆಯಬಾರದು ಅಂದರು. ನಾನು ಅಷ್ಟು ದಿನಗಳಲ್ಲಿ ಮೊದಲ ಸಲ ತಲೆ ಎತ್ತಿ, ಕ್ಷಮಿಸಿಬಿಟ್ಟರೇ ಎಂದು ಅವರ ಮುಖ ನೋಡಿದೆ.

“ಹೊರಗೆ ಹಾಕಿದ್ರೆ ಇನ್ನೊಂದು ಕಡೆ ಹೋಗಿ ಇದನ್ನೇ ಮಾಡ್ತಾನೆ,” ಅಂದರು. “ಅಲ್ಲಿ ಯಾರ ಕೈ ಹೋಗ್ತೈತೋ. ಇಲ್ಲೇ ಇರ್ಲಿ, ನನ್ನ ಕಣ್ಣ ಮುಂದೆ.”

ಇಪ್ಪತ್ತೆರಡು ಪ್ರಶ್ನೆ ವಾಪಸ್ ಬಂದವು. ಪ್ಲಗ್ ಅವರ ಜೇಬಿಗೆ ವಾಪಸ್ ಹೋಯಿತು. ನನ್ನ ಪ್ಲಗ್ಗನ್ನು ನನ್ನ ಕೈಯಲ್ಲೇ ಇಕ್ಕಳ ಕೊಟ್ಟು ಪುಡಿ ಮಾಡಿಸಿದರು. ರಟ್ಟಿನ ಕೆಳಗೆ ನುಜತ್‌ಳ ಅಕ್ಷರದಲ್ಲಿ ಇಪ್ಪತ್ತಮೂರನೆಯ ಪ್ರಶ್ನೆ ಸೇರಿತು: ಗುರುಮೂರ್ತಿ ಜೇಬು? ಅದನ್ನು ಓದಿದಾಗ ನಾನು ಪ್ಯಾಂಟಿನ ಎರಡು ಜೇಬು, ಅಂಗಿಯ ಒಂದು ಜೇಬು, ಮೂರನ್ನೂ ಎಲ್ಲರಿಗೂ ಕಾಣುವಂತೆ ಹೊರಗೆ ಎಳೆದು ತೋರಿಸಿ, ‘ಖಾಲಿ’ ಅನ್ನಬೇಕು. ಆಮೇಲೇ ‘ಏಳ್ಲಿ’. ಹೊಸದಾಗಿ ಸೇರಿದವರು ಇದು ಯಾಕೆ ಎಂದು ಕೇಳುತ್ತಾರೆ, ಯಾರಾದರೂ ಒಬ್ಬರು ಪೂರ್ತಿ ಹೇಳುತ್ತಾರೆ, ನಾನು ಅಲ್ಲೇ ನಿಂತು ಕೇಳಿಸಿಕೊಳ್ಳುತ್ತೇನೆ. ರೈತರು ಸಾಬರ ಅಂಗಡಿಗೆ ವಾಪಸ್ ಬಂದಿದ್ದಾರೆ. ಸುತ್ತುವುದು ಈಗ ನುಜತ್, ಸಾಬರು ಪಕ್ಕದಲ್ಲಿ ಕೂತು ತಪ್ಪು ಹೇಳುತ್ತಾರೆ. ಸಣ್ಣ ತಂತಿ ಅವರ ಕೈಗೆ ಇನ್ನು ನಿಲ್ಲುವುದಿಲ್ಲ. ಒಂದೂವರೆ ವರ್ಷದಿಂದ ಆ ಇಪ್ಪತ್ತಮೂರು ಪ್ರಶ್ನೆ ಬಿಟ್ಟು ಅವರು ನನ್ನ ಜೊತೆ ಒಂದು ಮಾತೂ ಆಡಿಲ್ಲ.

ಹೋದ ಭಾನುವಾರ ಬಿಸಿಲು ಜಾಸ್ತಿ ಇತ್ತು, ಒಂಬತ್ತು ಸಲ ಹಾರಿಸಿ ಎಲ್ಲರೂ ಸುಸ್ತಾಗಿದ್ದರು. ಹತ್ತನೆಯ ಸಲ ಸಾಬರು ಇಪ್ಪತ್ತೆರಡಕ್ಕೇ ರಟ್ಟು ಮಡಚಿ, ಪ್ಲಗ್ ಹಾಕಿ, ಹಿಂದೆ ಸರಿದು, ‘ಏಳ್ಲಿ’ ಅಂದರು. ನನ್ನ ಜೇಬು ಕೇಳಲಿಲ್ಲ. ಮರೆತರೋ, ಬೇಕೆಂದೇ ಬಿಟ್ಟರೋ ಗೊತ್ತಾಗಲಿಲ್ಲ. ಅಬ್ಬಾ, ಅಂತೂ ಮುಗಿಯಿತು ಎಂದು ಒಂದು ಗಳಿಗೆ ಎಷ್ಟು ಹಗುರವಾಯಿತೆಂದರೆ, ಕಣ್ಣು ತುಂಬಿಬಂತು. ಮೋಟಾರ್ ಶುರು ಮಾಡಲು ಹೆಬ್ಬೆರಳು ಇಟ್ಟೆ. ಎಳೆಯಲು ಆಗಲಿಲ್ಲ.

“ಸಾಬ್ರೇ,” ಅಂದೆ. “ನನ್ನ ಜೇಬು ಕೇಳ್ಲಿಲ್ಲ.”

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮುಖದಲ್ಲಿ ಒಂದಿಷ್ಟೂ ಮೆತ್ತಗಿನ ಭಾವ ಇರಲಿಲ್ಲ. ನಡೆದು ಬಂದು ಪ್ಲಗ್ ಕಿತ್ತು, ಜೇಬಿಗೆ ಹಾಕಿ, ಮೂರು ಬೆರಳಿನ ಕೈಯಿಂದ ತಡವರಿಸುತ್ತ ಗುಂಡಿ ಹಾಕಿದರು.

“ಮೊದ್ಲಿಂದ,” ಅಂದರು.

ಸುತ್ತ ನಿಂತವರೆಲ್ಲ ಬಿಸಿಲಲ್ಲಿ ನಿಟ್ಟುಸಿರು ಬಿಟ್ಟು ನನ್ನನ್ನೇ ದುರುಗುಟ್ಟಿ ನೋಡಿದರು. ನಾನು ಒಳಗೊಳಗೇ ಸಾಬರನ್ನು ಬೈದುಕೊಂಡು, ರಿಮೋಟ್ ಕೆಳಗಿಟ್ಟು, ಮೊದಲ ತೋಳಿನ ಸ್ಕ್ರೂ ಹತ್ತಿರ ಹೋಗಿ ಕೂತೆ. ಅವರು ಓದಿದರು. ನಾನು ಮುಟ್ಟಿದೆ.